ಥರ್ಮಾಮೀಟರಿಗೆ ಸಿಗದ ಜ್ವರ

ಮುಂಬೈಯ ಗೋರೆಗಾಂವ್ ಸ್ಟೇಷನ್ ಪಕ್ಕದ ಹೋಟೆಲೊಂದರಲ್ಲಿ ನಾನು ಆಗ ದೋಸೆ ಹುಯ್ಯುತ್ತಿದ್ದೆ. ಮೂವತ್ತೊಂದು ವರ್ಷ, ಮದುವೆಯಾಗಿರಲಿಲ್ಲ. ಮಲಾಡಿನ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಹೆಂಗಸಿನ ಪರಿಚಯವಾಗಿ, ಒಂದು ಭಾನುವಾರ ಮಧ್ಯಾಹ್ನ ಅವಳ ಕೋಣೆಗೆ ಹೋದೆ. ಮುತ್ತಿಟ್ಟೆವು, ಒಬ್ಬರನ್ನೊಬ್ಬರು ಕೈಯಿಂದ ಮುಟ್ಟಿದೆವು. ಅದಕ್ಕಿಂತ ಮುಂದೆ ಹೋಗಲಿಲ್ಲ.

ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಕಂಬಿ ಹಿಡಿದಿದ್ದ ನನ್ನ ಬೆರಳು ಕಣ್ಣಿಗೆ ಬಿತ್ತು. ವಾರದ ಹಿಂದೆ ಈರುಳ್ಳಿ ಹೆಚ್ಚುವಾಗ ಆಗಿದ್ದ ಗಾಯ ಒಣಗಿ ಗೆರೆಯಾಗಿತ್ತು. ಆ ಗೆರೆ ಮೆಲ್ಲಗೆ ಬಾಯಿ ತೆರೆಯುತ್ತಿದೆ ಅನ್ನಿಸಿತು. ಇಳಿಯಬೇಕಿದ್ದ ಗೋರೆಗಾಂವ್ ಕಳೆದು ಅಂಧೇರಿ ದಾಟಿದ್ದೂ ಗೊತ್ತಾಗಲಿಲ್ಲ.

ಆ ಗಾಯದಿಂದ ರೋಗ ಒಳಹೊಕ್ಕಿತೇನೋ ಎಂದು ಅಂದಿನಿಂದ ಮೊಬೈಲಿನಲ್ಲಿ ಎಚ್‌ಐವಿ ಬಗ್ಗೆ ಓದತೊಡಗಿದೆ. ಬೆಳಿಗ್ಗೆ ಓದಿದ ಲಕ್ಷಣ ಮಧ್ಯಾಹ್ನದೊಳಗೆ ಮೈಮೇಲೆ ಬರುತ್ತಿತ್ತು. ಗಂಟಲು ನೋವು ಅಂತ ಓದಿದರೆ ಗಂಟಲು, ಬೆವರು ಅಂತ ಓದಿದರೆ ಬೆವರು. ನನ್ನೊಳಗೆ ಯಾರೋ ಕೂತು ನನ್ನ ಜೊತೆಗೇ ಓದುತ್ತಿದ್ದಾರೆ ಅನ್ನಿಸುತ್ತಿತ್ತು. ಕನ್ನಡಿಯ ಮುಂದೆ ನಾಲಿಗೆ ಚಾಚಿದರೆ ಅದು ನನ್ನದಲ್ಲ. ಅವಳ ಫೋನ್ ಎತ್ತುವುದನ್ನು ಬಿಟ್ಟೆ. ಕ್ರಮೇಣ ಅವಳೂ ಸುಮ್ಮನಾದಳು.

ಒಂದು ದಿನ ಕಾವಲಿಯ ಮುಂದೆ ನಿಂತು, ಮೈ ಸುಡುತ್ತಿದೆ ಎಂದೆ. ಚಟ್ನಿ ರುಬ್ಬುತ್ತಿದ್ದ ನಮ್ಮ ಉಡುಪಿ ಕಡೆಯವನೊಬ್ಬ ಹಣೆ ಮುಟ್ಟಿ ತಟ್ಟನೆ ಕೈ ತೆಗೆದ.

"ತಣ್ಣಗೆ ಉಂಟು ಮಾರಾಯ. ಬಾವಿಯಿಂದ ಎದ್ದು ಬಂದವನ ಹಾಗೆ."

ಥರ್ಮಾಮೀಟರೂ ಜ್ವರ ಇಲ್ಲವೆಂದಿತು. ನಾನು ಮಾತ್ರ ಉರಿಯುತ್ತಲೇ ಇದ್ದೆ.

ನಾಲ್ಕು ತಿಂಗಳಲ್ಲಿ ನಾಲ್ಕು ಲ್ಯಾಬುಗಳಲ್ಲಿ ರಕ್ತ ಕೊಟ್ಟೆ. ನಾಲ್ಕೂ ನೆಗೆಟಿವ್. ಪ್ರತಿ ಸಲ ಒಂದು ಗಂಟೆ ಜೀವ ಹಗುರ. ಆಮೇಲೆ, ನನ್ನ ರಕ್ತ ಬೇರೆಯವರದ್ದರ ಜೊತೆ ಅದಲುಬದಲಾಗಿದ್ದರೆ? ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕಿದ ದಿನ ಸರ್ಕಾರಿ ಆಸ್ಪತ್ರೆಯ ಸಲಹಾ ಕೇಂದ್ರಕ್ಕೆ ಹೋದೆ.

ಬೆಂಚಿನಲ್ಲಿ ಪಕ್ಕಕ್ಕಿದ್ದ ಗಟ್ಟಿಮುಟ್ಟಾದ ಮನುಷ್ಯ ತಾನಾಗಿಯೇ ಮಾತಾಡಿದ. ಹನ್ನೆರಡು ವರ್ಷದಿಂದ ಅವನಿಗೆ ಎಚ್‌ಐವಿ ಇದೆಯಂತೆ. ಮಾತ್ರೆ ನುಂಗುತ್ತಾನೆ, ರಿಕ್ಷಾ ಓಡಿಸುತ್ತಾನೆ, ಮಗಳು ಕಾಲೇಜಿಗೆ ಹೋಗುತ್ತಾಳೆ. ಮಾತಿನ ನಡುವೆ ಬಿಸ್ಕತ್ತಿನ ಪೊಟ್ಟಣ ನನ್ನ ಮುಂದೆ ಹಿಡಿದ. ಬಿಸ್ಕತ್ತಿನಿಂದ ಏನೂ ಆಗದೆಂದು ಓದಿದ್ದೆ. ಆದರೂ ನನ್ನ ಕೈ ಏಳಲಿಲ್ಲ. ಅವನು ಕೋಪಿಸಿಕೊಳ್ಳದೆ, ಅಭ್ಯಾಸವಾದವನಂತೆ ಪೊಟ್ಟಣ ಮಡಚಿದ. ಆ ನಾಚಿಕೆ ಇನ್ನೂ ಹೋಗಿಲ್ಲ.

ಒಳಗಿದ್ದ ಸಲಹೆಗಾರ್ತಿ ವಿಜಯಪುರದ ಕಡೆಯವರು. ಎಲ್ಲ ಕೇಳಿಸಿಕೊಂಡರು.

"ಮುತ್ತು ಕೊಟ್ರ, ಕೈಲೆ ಮುಟ್ಟಿದ್ರ ಇದು ಹತ್ತೂದಿಲ್ರಿ. ಒಣಗಿದ ಗಾಯದಾಗಿಂದ ಒಳಗ ಹೋಗೂದಿಲ್ಲ. ಮೂರು ತಿಂಗಳ ದಾಟಿದ ಮ್ಯಾಲಿನ ರಿಪೋರ್ಟ್ ಪಕ್ಕಾ ಐತಿ, ನಂಬ್ರಿ."

"ಮತ್ತೆ ಈ ಗಂಟು?"

"ದಿನಕ್ಕ ಎಷ್ಟ ಸಲ ಒತ್ತಿ ನೋಡ್ತೀರಿ?"

ಆಗಲೂ ನನ್ನ ಬೆರಳು ಕುತ್ತಿಗೆಯ ಮೇಲೇ ಇತ್ತು. ಅದು ಯಾವಾಗ ಅಲ್ಲಿಗೆ ಹೋಯಿತೋ ನನಗೆ ಗೊತ್ತಿರಲಿಲ್ಲ.

"ಒತ್ತಿ ಒತ್ತಿ ನೀವ ಬಾವು ತಂದ್ಕೊಂಡೀರಿ. ರೋಗ ಇಲ್ಲ, ಅಂಜಿಕಿ ಐತಿ. ಅದಕ್ಕೂ ಡಾಕ್ಟರ್ ಅದಾರ, ಮ್ಯಾಲಿನ ಮಹಡ್ಯಾಗ."

ಏಳು ತಿಂಗಳು ಆ ಮನೋವೈದ್ಯರ ಬಳಿ ಹೋದೆ. ಓದಬಾರದು, ಒತ್ತಬಾರದು, ಮತ್ತೆ ಟೆಸ್ಟ್ ಮಾಡಿಸಬಾರದು ಎಂದರು. ಗಂಟು ಎರಡು ವಾರದಲ್ಲಿ ಇಳಿಯಿತು. ಒಳಗೆ ಕೂತವನು ಅಷ್ಟು ಬೇಗ ಏಳಲಿಲ್ಲ. ಈಗಲೂ ಅಪರೂಪಕ್ಕೆ ಸುಮ್ಮಸುಮ್ಮನೆ ಗಂಟಲು ಕೆರೆಯುತ್ತದೆ. ಕೆಲಸ ಬಿಡದೆ, ಹೋಗಲಿ ಅಂತ ಕಾಯುತ್ತೇನೆ. ಹೋಗುತ್ತದೆ.