ಕನ್ನಡ ಅಕ್ಷರದಲ್ಲಿ ಬರೆದ ಫಿಸಿಕ್ಸ್

ಹತ್ತನೇ ತರಗತಿಯವರೆಗೆ ನಾನು ಓದಿದ್ದು ಜರಗನಹಳ್ಳಿಯ ನಮ್ಮ ಬಾಡಿಗೆ ಮನೆಗೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ವಿಜ್ಞಾನದಲ್ಲಿ ಶಾಲೆಗೇ ಮೊದಲಿಗಳಾಗಿದ್ದೆ. ಹಾಗಾಗಿ ನಾನು ಪಿಯುಸಿಯಲ್ಲಿ ಸೈನ್ಸೇ ತೆಗೆದುಕೊಳ್ಳಬೇಕೆಂದು ಮೇಷ್ಟರೆಲ್ಲ ಸೇರಿ ತೀರ್ಮಾನಿಸಿದರು. ಅಮ್ಮ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ಮನೆಯಲ್ಲಿ ನಾವಿಬ್ಬರೇ. ಜಯನಗರದ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಲ್ಲಿ ಸೈನ್ಸ್ ಇಂಗ್ಲಿಷಿನಲ್ಲಿರುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವ ವಿಷಯವನ್ನು ಯಾರೂ ಹೇಳುವುದಿಲ್ಲ.

ಮೊದಲ ದಿನ ಫಿಸಿಕ್ಸ್ ಲೆಕ್ಚರರ್ ಮುಕ್ಕಾಲು ಗಂಟೆ ಪಾಠ ಮಾಡಿದರು. ನನಗೆ ‘ಗುಡ್ ಮಾರ್ನಿಂಗ್’ ಮತ್ತು ‘ಸಿಟ್ ಡೌನ್’ ಅರ್ಥವಾದವು. ಸುತ್ತಲಿನವರೆಲ್ಲ ಬರೆಯುತ್ತಿರುವಾಗ ಸುಮ್ಮನೆ ಕೂರಲು ನಾಚಿಕೆಯಾಗಿ, ಕೇಳಿಸಿದ್ದನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಎರಡನೇ ವಾರದ ಹೊತ್ತಿಗೆ ಒಂದು ಶಬ್ದವೂ ತಪ್ಪದ ಹಾಗೆ ಕೈ ಓಡುತ್ತಿತ್ತು. ಅರ್ಥವೊಂದು ಬಿಟ್ಟು ಮಿಕ್ಕೆಲ್ಲವೂ ನೋಟ್ಸಿನಲ್ಲಿತ್ತು.

‘ದೇರ್‌ಫೋರ್’ ಎಂಬ ಮಾತು ದಿನಕ್ಕೆ ಹತ್ತು ಸಲ ಬರುತ್ತಿತ್ತು. ನಿಘಂಟಿನಲ್ಲಿ ‘ಡಿ’ ಅಕ್ಷರದ ಕೆಳಗೆ ಒಂದು ಸಂಜೆಯಿಡೀ ಹುಡುಕಿದೆ. ಸಿಗಲಿಲ್ಲ. ಅಷ್ಟು ಮುಖ್ಯವಾದ ವಸ್ತುವನ್ನೇ ಬಿಟ್ಟಿದ್ದಾರಲ್ಲ ಎಂದು ಆಶ್ಚರ್ಯವಾಯಿತು.

ಮೊದಲ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಮೂರು ಬಂತು. ಕಾಲೇಜು ಬಿಡುತ್ತೇನೆ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಬೈಯಲಿಲ್ಲ, ಅಳಲಿಲ್ಲ.

“ಸರಿ, ನಾಳೆಯಿಂದ ನನ್ ಜೊತೆ ಬಾ. ಗುಂಡಿ ಹಾಕೋ ಕಡೆ ಜಾಗ ಖಾಲಿ ಇದೆ. ವಯಸ್ಸು ಹದಿನೆಂಟು ಅಂತ ಬರೆಸಿದ್ರಾಯ್ತು,” ಎಂದಳು. ಹೆದರಿಸಲು ಹೇಳಿದ್ದಲ್ಲ. ಜಾಗ ನಿಜವಾಗಿಯೂ ಖಾಲಿ ಇತ್ತು.

ಬೆಳಿಗ್ಗೆ ಅಮ್ಮ ನನಗೂ ಸೇರಿಸಿ ಎರಡು ಡಬ್ಬಿ ಕಟ್ಟಿಟ್ಟಿದ್ದಳು. ನನ್ನದನ್ನು ತೆಗೆದುಕೊಂಡು ಕಾಲೇಜಿನ ಬಸ್ಸು ಹತ್ತಿದೆ.

ಆ ವಾರವೇ ಲೆಕ್ಚರರು ಬೆಂಚುಗಳ ನಡುವೆ ಓಡಾಡುತ್ತಾ ನನ್ನ ಹತ್ತಿರ ನಿಂತು ಪುಸ್ತಕ ಎತ್ತಿಕೊಂಡರು.

“ಏನಮ್ಮಾ ಇದು?”

“ನೋಟ್ಸ್ ಸಾರ್.”

“ಓದು ನೋಡೋಣ.”

ಎದ್ದು ನಿಂತು, ಪುಸ್ತಕ ಇಸಿದುಕೊಂಡು ಹಿಂದಿನ ದಿನದ ಪಾಠವನ್ನು ಮೊದಲಿನಿಂದ ಓದಿದೆ. ನ್ಯೂಟನ್ನನ ನಿಯಮದ ಮಧ್ಯದಲ್ಲಿ ‘ಯೂ, ಲಾಸ್ಟ್ ಬೆಂಚ್, ಗೆಟ್ ಔಟ್’ ಎಂದು ಬಂತು. ಇಡೀ ಕ್ಲಾಸು ನಕ್ಕಿತು. ಲೆಕ್ಚರರು ನಗಲಿಲ್ಲ.

“ಅದನ್ನೂ ಹೇಳಿದ್ನಾ?”

“ಎರಡು ಸಲ ಹೇಳಿದ್ರಿ ಸಾರ್.”

“ಅರ್ಥ ಆಗತ್ತಾ ನಿನಗೆ?”

“ಇಲ್ಲ ಸಾರ್.”

ಅವರು ಪುಸ್ತಕವನ್ನು ಮತ್ತೆ ತೆಗೆದುಕೊಂಡು ಎರಡು ಹಾಳೆ ತಿರುವಿದರು. ಈಗ ಏನೋ ಒಳ್ಳೆಯದಾಗುತ್ತದೆ ಎಂದುಕೊಂಡೆ. ಅವರು ಪುಸ್ತಕ ವಾಪಸು ಕೊಟ್ಟು ಪಾಠ ಮುಂದುವರಿಸಿದರು, ಇಂಗ್ಲಿಷಿನಲ್ಲೇ. ನಾನೂ ಬರೆಯುವುದನ್ನು ಮುಂದುವರಿಸಿದೆ.

ಊಟದ ಹೊತ್ತಿನಲ್ಲಿ ಮೂರನೇ ಬೆಂಚಿನ ಹುಡುಗಿ ಬಂದಳು. ಮನೆ ಜಯನಗರದಲ್ಲೇ. ಕಾಮಾಲೆಯಾಗಿ ಮೂರು ವಾರ ರಜೆ ಹಾಕಿದ್ದಳು.

“ನಿನ್ ಹತ್ರ ಒಂದು ಮಾತೂ ಬಿಡದೆ ಎಲ್ಲಾ ಇದೆಯಲ್ಲ, ಕೊಡು,” ಎಂದು ಪುಸ್ತಕ ತೆರೆದವಳು ಹಾಗೇ ಮುಚ್ಚಿದಳು. “ನಂಗೆ ಕನ್ನಡ ಮಾತಾಡೋಕೆ ಬರತ್ತೆ, ಓದೋಕೆ ಬರಲ್ಲ. ನೀನೇ ಓದು.”

ಮೆಟ್ಟಿಲ ಮೇಲೆ ಕೂತು ನಾನು ಓದಿದೆ, ಅವಳು ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಬರೆದುಕೊಂಡಳು. ಏನು ಓದುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ, ಏನು ಬರೆದಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಕೆಲಸ ಮಾತ್ರ ಸಲೀಸಾಗಿ ಸಾಗಿತು. ಕೊನೆಗೆ ಧೈರ್ಯ ಮಾಡಿ ಕೇಳಿದೆ.

“ದೇರ್‌ಫೋರ್ ಅಂದ್ರೆ ಏನು?”

“ಆದ್ದರಿಂದ ಅಂತ.”

“ಅಷ್ಟೇನಾ?”

“ಅಷ್ಟೇ. ನೀನೇನ್ ಅನ್ಕೊಂಡಿದ್ದೆ?”

“ಯಾವುದೋ ಮಷೀನು ಅನ್ಕೊಂಡಿದ್ದೆ.”

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೂ ನಗು ಬಂತು. ಆ ಕಾಲೇಜಿನಲ್ಲಿ ನಾನು ಮೊದಲು ನಕ್ಕಿದ್ದು ಆವತ್ತೇ.

ಅವಳ ನೋಟ್ಸು ಒಂದು ತಿಂಗಳಲ್ಲಿ ಪೂರ್ತಿಯಾಯಿತು. ಆಮೇಲೂ ದಿನಾ ಕೂರುತ್ತಿದ್ದೆವು. ನಾನು ಓದಿದ್ದನ್ನು ಅವಳು ಕನ್ನಡದಲ್ಲಿ ಬಿಡಿಸಿ ಹೇಳುವಳು. ಹಾಗೆ ಹೇಳುವಾಗ ತನಗೂ ಅರ್ಥವಾಗಿಲ್ಲ ಎಂದು ಎಷ್ಟೋ ಸಲ ಅವಳಿಗೆ ಗೊತ್ತಾಗುತ್ತಿತ್ತು. ಆಗ ಇಬ್ಬರೂ ಹೋಗಿ ಲೆಕ್ಚರರನ್ನೇ ಕೇಳುತ್ತಿದ್ದೆವು. ಅವರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಿದ್ದರು, ಸೊಗಸಾಗಿ. ಕ್ಲಾಸಿನೊಳಗೆ ಮತ್ತೆ ಇಂಗ್ಲಿಷು.

ಒಮ್ಮೆ ಅವಳ ಮನೆಗೆ ಹೋಗಿದ್ದೆ. ಅವಳ ತಾಯಿ ಕಾಫಿ, ಚಕ್ಕುಲಿ ಕೊಟ್ಟು, “ನಿಮ್ಮಮ್ಮ ಏನ್ಮಾಡ್ತಾರಮ್ಮಾ?” ಎಂದರು.

“ಗಾರ್ಮೆಂಟ್ಸ್, ಆಂಟಿ.”

“ಓ, ಎಕ್ಸ್‌ಪೋರ್ಟ್ ಬಿಸಿನೆಸ್ಸಾ?”

“ಎಕ್ಸ್‌ಪೋರ್ಟೇ ಆಂಟಿ. ಅಮ್ಮಂದು ಕಾಲರ್ ಮಾತ್ರ.”

ಅವರು ಇನ್ನೆರಡು ಚಕ್ಕುಲಿ ಹಾಕಿದರು.

ಎರಡನೇ ವರ್ಷದ ಫಲಿತಾಂಶದ ದಿನ ಅಮ್ಮ ಅರ್ಧ ದಿನ ರಜೆ ಹಾಕಿ ಬಂದಳು. ನನಗೆ ಫಸ್ಟ್ ಕ್ಲಾಸ್ ಬಂದಿತ್ತು, ಫಿಸಿಕ್ಸಿನಲ್ಲಿ ಅರವತ್ತೊಂದು. ಗೆಳತಿ ಆಮೇಲೆ ಇಂಜಿನಿಯರಿಂಗಿಗೆ ಹೋದಳು. ಸಿಇಟಿಯಲ್ಲಿ ನಾನು ಬರೆದಿದ್ದು ಯಾವ ಸೀಟಿಗೂ ತಾಗುವಂತಿರಲಿಲ್ಲ, ಬಿಎಸ್ಸಿಗೆ ಸೇರುವುದೆಂದಾಯಿತು. ನೋಟಿಸ್ ಬೋರ್ಡಿನಲ್ಲಿ ನನ್ನ ನಂಬರನ್ನು ಅಮ್ಮನಿಗೆ ತೋರಿಸಿದೆ. ಅವಳು ಗಾಜಿನ ಮೇಲೆ ಬೆರಳಿಟ್ಟು ನಿಂತುಬಿಟ್ಟಳು. ಹಿಂದಿದ್ದ ಯಾರೋ, “ಸ್ವಲ್ಪ ಜರುಗಿ ಆಂಟಿ,” ಎಂದ ಮೇಲೆ ಕೈ ತೆಗೆದಳು.

“ಇನ್ನೆಷ್ಟು ವರ್ಷ ಓದ್ಬೇಕು?”

“ಮೂರು.” ಬಿ.ಎಡ್. ಯೋಚನೆ ಆಗಿನ್ನೂ ನನ್ನ ತಲೆಯಲ್ಲಿರಲಿಲ್ಲ.

“ಓದು. ನಾನು ಹೊರಡ್ತೀನಿ, ಎರಡು ಗಂಟೆಗೆ ಗೇಟ್ ಹಾಕ್ಬಿಡ್ತಾರೆ,” ಎಂದು ಅಮ್ಮ ಬೊಮ್ಮನಹಳ್ಳಿಯ ಬಸ್ಸಿಗೆ ಓಡಿದಳು. ನಾನು ಬಿಎಸ್ಸಿ ಅರ್ಜಿಯ ಸಾಲಿನಲ್ಲಿ ನಿಂತೆ.