ಬೆಟ್ಟಯ್ಯನವರ ಎಡಗಣ್ಣು ಮತ್ತು ಸಿಂಗಾಪುರ

ಅತ್ತಿಗುಪ್ಪೆಯಲ್ಲಿ ನಾನು ಬಾಡಿಗೆಗಿದ್ದ ರೂಮಿನ ಯಜಮಾನರು ಬೆಟ್ಟಯ್ಯ. ಬೋರ್ಡು ಬರೆಯುವವರು. ವಿಜಯನಗರದ ಅರ್ಧ ಅಂಗಡಿಗಳ ಹೆಸರು ಅವರ ಕೈಯದೇ. ನಾನೋ, ಟ್ರಾವೆಲ್ಸ್ ಆಫೀಸಿನಲ್ಲಿ ವಿಮಾನದ ಟಿಕೆಟ್ ಬರೆಯುವ ಗುಮಾಸ್ತ. ದಿನವಿಡೀ ಜನರನ್ನು ಲಂಡನ್ನಿಗೆ, ದುಬೈಗೆ ಸಾಗಹಾಕುತ್ತಿದ್ದೆ. ನಾನು ಹತ್ತಿದ್ದರಲ್ಲೆಲ್ಲ ಎತ್ತರದ್ದೆಂದರೆ ಡಬಲ್ ಡೆಕ್ಕರ್ ಬಸ್ಸು.

ಎಂಬತ್ನಾಲ್ಕರಲ್ಲಿ ಬೆಟ್ಟಯ್ಯನವರು 'ಶ್ರೀ ಗಂಗಾ ಬೇಕರಿ' ಎಂದು ಬರೆಯಬೇಕಾದಲ್ಲಿ 'ಶ್ರೀ ಗಗಾ ಬೇಕರಿ' ಎಂದು ಬರೆದರು. ಬೇಕರಿಯವನು ಕೂಗಾಡಿದ. "ಸೊನ್ನೆ ಇಟ್ಟಿದೀನಲ್ರೀ, ಅಲ್ಲೇ ಇದೆ ನೋಡಿ" ಎಂದು ಇವರು ಬೆರಳು ತೋರಿಸಿದರು. ಆ ಸೊನ್ನೆ ಹಾರಿಹೋಯಿತು. ನೊಣ.

ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನದು ಬಲಿತಿದೆ, ತೆಗೆದು ದಪ್ಪ ಕನ್ನಡಕ ಕೊಡ್ತೀವಿ ಎಂದರು ಆಸ್ಪತ್ರೆಯವರು. ಬೆಟ್ಟಯ್ಯ ಪಕ್ಕದ ಬೀದಿಯಲ್ಲಿ ಪೊರೆ ತೆಗೆಸಿಕೊಂಡಿದ್ದ ಹನುಮಯ್ಯನವರ ಸೋಡಾಬುಡ್ಡಿ ಕನ್ನಡಕ ಈಸಿಕೊಂಡು ಬಂದು, ಹಾಕಿಕೊಂಡು ಬಾಗಿಲು ನೋಡಿದರು.

"ಚೌಕಟ್ಟೇ ಬಿಲ್ಲಿನ ಥರ ಬಾಗಿದೆ ಕಣಪ್ಪಾ. ಇದನ್ನ ಹಾಕ್ಕೊಂಡು ನಾನು ಗೆರೆ ಎಳೆಯೋದಾ? ಕಸುಬು ಹೋಯ್ತು ಅಂದ್ಕೊ."

ಅದೇ ಹೊತ್ತಿಗೆ ಅವರ ಭಾಮೈದ ಕೃಷ್ಣಪ್ಪ ಸಿಂಗಾಪುರದಿಂದ ರಜೆಗೆ ಬಂದ. ಅಲ್ಲಿ ಬಂದರಿನಲ್ಲಿ ಅವನಿಗೆ ಕೆಲಸ. "ಅಲ್ಲಿ ಪೊರೆ ತೆಗೆದು ಕಣ್ಣೊಳಗೇ ಲೆನ್ಸ್ ಕೂರಿಸ್ತಾರೆ ಭಾವ. ದಪ್ಪ ಕನ್ನಡಕದ ರಗಳೆಯೇ ಇಲ್ಲ. ಖರ್ಚು ನಂದು, ಬನ್ನಿ" ಎಂದ.

ಇಂಥಾ ಕಡೆ ನಾನು ಬಾಯಿ ಹಾಕದೆ ಇರುತ್ತೇನೆಯೇ? "ಸಿಂಗಾಪುರ ತಾನೆ? ಮದ್ರಾಸಲ್ಲಿ ಹತ್ತಿದ್ರೆ ಆಯ್ತು" ಎಂದೆ, ಕೆಂಗೇರಿ ಬಸ್ಸಿನ ಮಾತಾಡುವವನ ಹಾಗೆ.

ಬೆಟ್ಟಯ್ಯನವರ ಹೆಂಡತಿ ಅಂಜನಮ್ಮ ಅಡುಗೆಮನೆಯಿಂದಲೇ ಕೇಳಿದರು: "ಒಳಗೆ ಕೂರಿಸೋದು ಯಾರ ಕಣ್ಣಿಂದ ಕಿತ್ತಿದ್ದಂತೆ?"

"ಯಾರದ್ದೂ ಅಲ್ಲಮ್ಮ, ಪ್ಲಾಸ್ಟಿಕ್ಕು" ಎಂದೆ ನಾನು.

"ಬಕೆಟ್ಟು ಮಾಡ್ತಾರಲ್ಲ, ಅದಾ?"

ಭಾನುವಾರದ ಪೇಪರಿನ ಹಿಂದಿನ ಪುಟದಲ್ಲಿ ಓದಿದ್ದನ್ನೆಲ್ಲ ನಾನು ಕಾಲು ಗಂಟೆ ವಿವರಿಸಿದೆ. ಪೂರ್ತಿ ಕೇಳಿ ಅವರು, "ಬಕೆಟ್ಟಿಂದೇ ಅನ್ನು" ಎಂದರು.

ಬೆಟ್ಟಯ್ಯ ಪಾಸ್‌ಪೋರ್ಟಿಗೆಂದು ಫೋಟೊ ಕೂಡ ತೆಗೆಸಿದರು. ಹೊರಡುವ ಮುಂಚೆ ಇಲ್ಲಿಯ ಡಾಕ್ಟರನ್ನೂ ಒಂದು ಮಾತು ಕೇಳೋಣ ಎಂದು ನನ್ನನ್ನು ಕರೆದುಕೊಂಡು ಹೋದರು. ಡಾಕ್ಟರು ಬೇಡ ಎನ್ನಲಿಲ್ಲ. "ಒಳ್ಳೇದೇ. ಆದ್ರೆ ನಮ್ಮ ಆಸ್ಪತ್ರೇಲಿ ಅದನ್ನ ಇನ್ನೂ ಮಾಡ್ತಿಲ್ಲ. ಮುಂದೆ ಏನಾದ್ರೂ ತೊಂದ್ರೆ ಆದ್ರೆ ಮತ್ತೆ ಅಲ್ಲಿಗೇ ಹೋಗ್ಬೇಕಾಗುತ್ತೆ" ಎಂದರು.

ಬಸ್ಸಿಳಿದ ಮೇಲೆ ಬೆಟ್ಟಯ್ಯ ಹೇಳಿದರು: "ಒಬ್ಬ ಬರೆದ ಬೋರ್ಡನ್ನ ಇನ್ನೊಬ್ಬ ತಿದ್ದಬಾರದು. ನಮ್ಮ ಕಸುಬಿನಲ್ಲಿ ಹಂಗೇ. ಬಣ್ಣ ಕಿತ್ತು ಬಂದ್ರೆ ಬರೆದೋನೇ ಬರಬೇಕು. ಸಿಂಗಾಪುರದೋನು ಅತ್ತಿಗುಪ್ಪೆಗೆ ಬರ್ತಾನಾ?"

"ಮತ್ತೆ ಗೆರೆ, ಸಾರ್?"

"ಗೆರೆಗೆ ದಾರ ಇದೆಯಲ್ಲ, ನೋಡೋಣ."

ಬಲಗಣ್ಣಿನ ಆಪರೇಷನ್ ಇಲ್ಲೇ ಆಯಿತು. ಹನುಮಯ್ಯನವರದಕ್ಕಿಂತ ದಪ್ಪದ ಕನ್ನಡಕ ಬಂತು. ಆಮೇಲಿನ ಮೊದಲ ಬೋರ್ಡು ನಮ್ಮ ಆಫೀಸಿನದೇ, ನಾನೇ ಕೊಡಿಸಿದ್ದು. ಸೀಮೆಸುಣ್ಣದ ಪುಡಿ ಸವರಿದ ದಾರದ ಒಂದು ತುದಿ ಅವರು, ಇನ್ನೊಂದು ತುದಿ ಅಂಜನಮ್ಮ ಹಿಡಿದರು. ನಡುವೆ ಎಳೆದುಬಿಟ್ಟಾಗ ಹಲಗೆಯ ಮೇಲೆ ಬಿಳಿ ಗೆರೆ ಬಿತ್ತು. ಬೆಟ್ಟಯ್ಯ ಹಿಂದೆ ಸರಿದು ನೋಡಿದರು, ಮುಂದೆ ಬಂದು ನೋಡಿದರು. ಕುಂಚ ಹಿಡಿದ ಕೈ ಮೇಲೇಳಲಿಲ್ಲ.

"ನೆಟ್ಟಗಿದೆಯೇನೇ?"

"ನೆಟ್ಟಗಿದೆ."

"ನಂಗೆ ಸೊಟ್ಟ ಕಾಣುತ್ತೆ ಕಣೇ. ನೀನೂ ಸೊಟ್ಟಗೇ ಕಾಣ್ತೀಯ."

"ಮದುವೆ ಆದಾಗಿಂದ ಹಂಗೇ ಕಂಡಿದೀನಿ ಬಿಡಿ. ಬರೀರಿ."

ಅವರು ತಮಗೆ ಸೊಟ್ಟ ಕಾಣುತ್ತಿದ್ದ ಆ ಗೆರೆಯ ಮೇಲೇ 'ವಿದೇಶ ಪ್ರಯಾಣ' ಎಂದು ಬರೆದರು. ಅಕ್ಷರಗಳು ನೆಟ್ಟಗೆ ಕೂತವು. ನಮ್ಮ ಸಾಹುಕಾರರು ಒಂದು ತಪ್ಪೂ ಹುಡುಕಲಾರದೆ, ನನ್ನ ಕೆಲಸದಲ್ಲಿ ಎರಡು ಹುಡುಕಿದರು.

ಮುಂದಿನ ರಜೆಗೆ ಬಂದ ಕೃಷ್ಣಪ್ಪ, ಈಗಲಾದರೂ ಬನ್ನಿ ಎಂದು ಮತ್ತೆ ಕರೆದ. ಬೆಟ್ಟಯ್ಯ ಎಡಗಣ್ಣನ್ನು ಉಜ್ಜಿಕೊಂಡು ಹೇಳಿದರು: "ಇದನ್ನ ನಿಮ್ಮ ಸಿಂಗಾಪುರಕ್ಕೆ ಅಂತಲೇ ಇಟ್ಕೊಂಡಿದೀನಪ್ಪ. ಇನ್ನೂ ಬಲಿತಿಲ್ಲ."