ಒಂದು ಗೇಣು ತಗ್ಗಿನ ಕಟ್ಟೆ

"ಮ್ಯಾಡಮ್ಮಾರ, ಅಡಗಿಮನಿ ಕಟ್ಟಿ ಒಡಸ್ರಿ."

ಇಷ್ಟೇ ಹೇಳಿ ಫೋನ್ ಇಟ್ಟುಬಿಟ್ಟರು ಗುರುಸಿದ್ದಪ್ಪ ಕಾಕಾ. ನಾನು ಧಾರವಾಡದ ಕೆಲಗೇರಿ ಕೆರೆ ದಂಡೆಯ ಮೇಲೆ ಬೆಳಗಿನ ವಾಕಿಂಗ್‌ನಲ್ಲಿದ್ದೆ. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆ. ವಾಪಸ್ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕಟ್ ಮಾಡಿದರು.

ನನ್ನ ಕಸುಬು ನಿಮಗೆ ಗೊತ್ತೇ ಇದೆ. ಮನೆಗಳ ಒಳಾಂಗಣ ವಿನ್ಯಾಸ. (ನಮ್ಮ ಅತ್ತೆಯವರ ಭಾಷೆಯಲ್ಲಿ ಹೇಳುವುದಾದರೆ, ಮಂದಿ ಮನಿಗೆ ಕಪಾಟು ಮಾಡಿಸೋದು.) ಗುರುಸಿದ್ದಪ್ಪ ಕಾಕಾ ಹುಬ್ಬಳ್ಳಿಯ ಹತ್ತಿ ವ್ಯಾಪಾರಿ. ನನಗೆ ಸಂಬಂಧಿಕರೇನಲ್ಲ. ಆದರೆ ನಮ್ಮ ಕಡೆ ನಾಲ್ಕು ಸಲ ಮನೆಗೆ ಹೋಗಿ ಚಹಾ ಕುಡಿದರೆ ಕ್ಲೈಂಟ್ ಕಾಕಾ ಆಗುತ್ತಾನೆ, ಅವರ ಹೆಂಡತಿ ಕಾಕು ಆಗುತ್ತಾಳೆ. ಹಿಂದೆ ಅವರ ಅಂಗಡಿಯ ಆಫೀಸ್ ಮಾಡಿಕೊಟ್ಟಿದ್ದೆ. ಅದನ್ನು ನೋಡಿ ಅವರ ಗೆಳೆಯರು ಬಂದರು, ಆ ಗೆಳೆಯರ ಬೀಗರು ಬಂದರು. ಕಾಕಾಗೆ ಒಂದು ಕೆಲಸ ಇಷ್ಟವಾದರೆ ಇಡೀ ಮಾರ್ಕೆಟ್ಟಿಗೆ ಹೇಳುತ್ತಾರೆ. ಇಷ್ಟವಾಗದಿದ್ದರೂ ಅಷ್ಟೇ ಪ್ರೀತಿಯಿಂದ ಹೇಳುತ್ತಾರೆ. ನನಗೆ ಹೆದರಿಕೆಯಾಗದೆ ಇರುತ್ತದೆಯೇ?

ಈ ಸಲದ ಕೆಲಸ ದೇಶಪಾಂಡೆ ನಗರದ ಅವರ ಹಳೇ ಮನೆಯ ಅಡುಗೆಮನೆ. ಮೊದಲ ದಿನವೇ ಕಾಕಾ ಫೋನ್ ತೆಗೆದು ಒಂದು ಫೋಟೋ ತೋರಿಸಿದ್ದರು. ಗೆಳೆಯರೊಬ್ಬರ ಮನೆಯ ಮಾಡ್ಯುಲರ್ ಕಿಚನ್. ಕನ್ನಡಿಯಂಥ ಬಾಗಿಲುಗಳು, ಈ ಗೋಡೆಯಿಂದ ಆ ಗೋಡೆಯವರೆಗೆ ಸಮನಾಗಿ ಓಡುವ ಕರೀ ಗ್ರಾನೈಟ್.

"ಇದನ್ನ ಮಾಡ್ರಿ ಸಾಕು. ಹೊಸಾ ತಲಿ ಓಡಸಬ್ಯಾಡ್ರಿ. ಶೋರೂಮಿನಾವ ಲಗೂನ ಮಾಡಿಕೊಡ್ತೇನಿ ಅಂದಿದ್ದ. ನೀವು ನಮ್ಮ ಮಂದಿ ಅಂತ ನಿಮಗ ಹೇಳಾಕತ್ತೇನಿ."

ಕಾಕು ಚಹಾ ತಂದಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಆ ನಡಿಗೆ ನನ್ನ ಕಣ್ಣಿಗೆ ಬಿತ್ತು. ಎರಡೂ ಮೊಣಕಾಲು ಸವೆದಿವೆಯಂತೆ. ಸತ್ತೂರು ಆಸ್ಪತ್ರೆಯ ಡಾಕ್ಟರು ಇನ್ನು ಮೇಲೆ ನೆಲದ ಮೇಲೆ ಕೂರಲೇಬೇಡಿ ಎಂದಿದ್ದಾರಂತೆ.

ನನ್ನದೊಂದು ಪದ್ಧತಿ ಇದೆ. ಅಡುಗೆ ಮಾಡುವವರು ಅಡುಗೆ ಮಾಡುವುದನ್ನು ನೋಡದೆ ನಾನು ಪೆನ್ಸಿಲ್ ಹಿಡಿಯುವುದಿಲ್ಲ. ಒಂದು ಮುಂಜಾನೆ ಹೋಗಿ ಕೂತೆ. ಕಾಕು ಮದುವೆಯಾಗಿ ಬಂದಾಗಿನಿಂದ ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿದವರು. ಈಗ ನಿಂತು ಬಡಿಯಬೇಕು. ಹಳೇ ಕಟ್ಟೆ ಅವರ ಎದೆಯ ಹತ್ತಿರ ಬರುತ್ತಿತ್ತು. ಮೊಣಕೈ ಮೇಲೆತ್ತಿ, ಭುಜ ಕಿವಿಗೆ ತಾಗಿಸಿಕೊಂಡು ಬಡಿಯುತ್ತಿದ್ದರು. ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು. ಮತ್ತೆ ಮುದ್ದೆ ಮಾಡಿ ಮತ್ತೆ ಬಡಿದರು. ಮತ್ತೆ ಸೀಳಿತು.

"ಕುಂತ್ರ ಕೈ ತಾನ ತಿರಗತೈತಿ. ನಿಂತ್ರ ಬರವಲ್ದು," ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. "ಇವರು ಊಟದಾಗ ಏನೂ ಅನ್ನಂಗಿಲ್ಲ. ರೊಟ್ಟಿ ಹಿಂಗ ಮುರದು ನೋಡ್ತಾರ. ಅಷ್ಟ."

ಆ 'ಅಷ್ಟ' ನನ್ನನ್ನು ಹಿಡಿದುಬಿಟ್ಟಿತು. ಒಂದು ಟೇಬಲ್ ತರಿಸಿ, ಅದರ ಮೇಲೆ ಹಲಗೆ ಇಟ್ಟು, ತೆಗೆದು, ಮತ್ತೊಂದು ಇಟ್ಟು ಕಾಕು ಕೈ ಎಲ್ಲಿ ಹಗುರಾಗುತ್ತದೆ ಎಂದು ನೋಡಿದೆವು. ಒಂದು ಎತ್ತರಕ್ಕೆ ಬಂದಾಗ ಕಾಕು ಅಂಗೈಯಿಂದ ಹಲಗೆಯನ್ನು ತಟ್ಟಿ, "ಹಾಂ, ಇಲ್ಲೇ," ಎಂದರು. ಮಾಮೂಲಿ ಕಟ್ಟೆಗಿಂತ ಒಂದು ಗೇಣು ತಗ್ಗು. ಒಲೆಯ ಪಕ್ಕದಲ್ಲಿ ಅಷ್ಟು ಜಾಗ ಮಾತ್ರ ತಗ್ಗಿಸಿ, ಉಳಿದದ್ದನ್ನು ಎಂದಿನ ಎತ್ತರಕ್ಕೇ ಬಿಟ್ಟು ಡ್ರಾಯಿಂಗ್ ಮಾಡಿದೆ. ಕಾಕಾಗೂ ತೋರಿಸಿದೆ. ಅವರು ಕಿವಿಯಲ್ಲಿ ಫೋನ್ ಇಟ್ಟುಕೊಂಡೇ "ಹೂಂ, ಹೂಂ" ಎಂದು ಸಹಿ ಮಾಡಿದರು. ನಾನು ಒಪ್ಪಿಗೆ ಎಂದುಕೊಂಡೆ. (ಸಹಿ ಮಾಡುವುದಕ್ಕೂ ನೋಡುವುದಕ್ಕೂ ಸಂಬಂಧವಿಲ್ಲ ಎಂದು ಯಾವ ಡಿಸೈನ್ ಕಾಲೇಜಿನಲ್ಲೂ ಕಲಿಸುವುದಿಲ್ಲ.)

ಈಗ ಕಲ್ಲು ಕೂರಿಸಿಯಾಗಿದೆ. ಕಾಕಾ ನೋಡಿದ್ದಾರೆ. ಒಡೆಸಿ ಎನ್ನುತ್ತಿದ್ದಾರೆ.

ಧಾರವಾಡದಿಂದ ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ ಮನಸ್ಸಿನೊಳಗೇ ವಾದ ಮಾಡಿದೆ. ಎಷ್ಟು ಚೆನ್ನಾಗಿ ಮಾಡಿದೆ ಗೊತ್ತೇ? ಮನೆಯ ಬಾಗಿಲು ದಾಟುತ್ತಲೇ ಎಲ್ಲ ಮರೆತುಹೋಯಿತು.

"ಏನ್ರಿ ಇದು? ಅರ್ಧ ಮ್ಯಾಲ, ಅರ್ಧ ತೆಳಗ," ಎಂದರು ಕಾಕಾ. ದನಿ ಏರಿಸಲಿಲ್ಲ. ಅದೇ ಹೆಚ್ಚು ಹೆದರಿಸಿತು. "ಹೊಸಾ ಅಡಗಿಮನಿ ಪೂಜಿಗೆ ಮಂದಿ ಬರ್ತಾರ. ಕಟ್ಟಿ ಕಟ್ಟಾಕ ಬರಲಿಲ್ಲೇನು ಅಂತ ನಗ್ತಾರ. ನಾಳೆ ಮನಿಗೆ ಸೊಸಿ ಬರ್ತಾಳ. ಆಕಿ ಎತ್ತರ ಇದ್ರ?"

"ಕಾಕಾ, ಕಾಕೂಗ ನಿಂತು ರೊಟ್ಟಿ ಬಡೀಲಿಕ್ಕೆ ಬೇಕಾಗ್ತದ..." ಎಂದೆ. ಕಾಕು ಕಡೆ ನೋಡಿದೆ. ಹೇಳಿ, ನೀವೇ ಹೇಳಿ ಎನ್ನುವಂತೆ.

ಕಾಕು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ಅವರು ಹೇಳಿದಂಗ ಮಾಡ್ರಿ," ಎಂದರು.

ಮುಗಿಯಿತಲ್ಲ.

"ನಾಳೆ ಮುಂಜಾನಿ ಗೌಂಡಿನ್ನ ಕಳಸ್ರಿ," ಎಂದರು ಕಾಕಾ. ನಾನು "ಆತ್ರಿ" ಎಂದೆ. ನನ್ನದೇ ಬಾಯಿ ಅಂದಿತು.

ವಾಪಸ್ ಬಂದು ಸಂಜೆಯವರೆಗೆ ಆಫೀಸಿನಲ್ಲಿ ಕೂತು ನಾನು ಮಾಡಿದ ಕೆಲಸವೆಂದರೆ ಗಾರೆ ಕೆಲಸದ ಗೌಂಡಿ ಮೌಲಾಸಾಬರಿಗೆ ಬರಲು ಹೇಳಿದ್ದು ಮತ್ತು ಕಾಕು ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದ್ದು. ನನಗೆ ಒಂದೇ ಪ್ರಶ್ನೆ ಕಾಡುತ್ತಿತ್ತು. ನನ್ನ ಕ್ಲೈಂಟ್ ಯಾರು? ಕೆಲಸ ಕೊಟ್ಟವರೇ, ಕೆಲಸದೊಳಗೆ ಬದುಕುವವರೇ? ಕಾಕಾ ಮಾತು ಕೇಳಿದರೆ ನಾಳೆಯೂ ನನಗೆ ಕೆಲಸ ಬರುತ್ತದೆ. ಕೇಳದಿದ್ದರೆ ಮಾರ್ಕೆಟ್ಟಿನಲ್ಲಿ ನನ್ನ ಹೆಸರು ಏನಾಗುತ್ತದೆ? ಸಂಬಂಧ ಉಳಿಸಿಕೊಳ್ಳಬೇಕು ಎಂದು ಎಲ್ಲರೂ ಹೇಳುತ್ತಾರೆ. ಒಂದೇ ಮನೆಯಲ್ಲಿ ಎರಡು ಸಂಬಂಧಗಳಿದ್ದರೆ ಯಾವುದನ್ನು?

ಶೋರೂಮಿನ ಕಿಚನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ರೆಡಿಮೇಡ್ ಶರ್ಟುಗಳೇ ಇರುವುದು. ಆದರೆ ಆ ಕಟ್ಟೆಯ ಎತ್ತರ ಯಾವುದೋ ಸರಾಸರಿ ಹೆಂಗಸಿನದು. ಅವಳು ನಿಂತು ತರಕಾರಿ ಹೆಚ್ಚುತ್ತಾಳೆ, ಪಾಸ್ತಾ ಕುದಿಸುತ್ತಾಳೆ. ಅವಳು ರೊಟ್ಟಿ ಬಡಿಯುವುದಿಲ್ಲ. ಅವಳಿಗೆ ಮೊಣಕಾಲು ನೋವೂ ಇಲ್ಲ. ಅವಳು ಹುಬ್ಬಳ್ಳಿಯಲ್ಲಂತೂ ಇಲ್ಲ.

ಮರುದಿನ ಮೌಲಾಸಾಬರಿಗಿಂತ ಮೊದಲೇ ತಲುಪಬೇಕೆಂದುಕೊಂಡೆ. ಬಸ್ ತಡವಾಯಿತು. ಗೇಟು ತೆರೆಯುವಾಗಲೇ ಒಳಗಿನಿಂದ ಪಟಪಟ ಸದ್ದು ಕೇಳಿಸಿತು. ಶುರುವಾಗೇಹೋಯಿತು ಎಂದುಕೊಂಡೆ. ಓಡಿದೆ.

ಮೌಲಾಸಾಬರು ಸುತ್ತಿಗೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು.

"ಅಡಗಿ ನಡದೈತ್ರಿ. ಹೆಂಗ ಒಡೀಲಿ?" ಎಂದರು ಮೆಲ್ಲಗೆ.

ಬಾಗಿಲುಗಳೇ ಇಲ್ಲದ ಕಪಾಟುಗಳು, ಎಲ್ಲೆಡೆ ಸಿಮೆಂಟಿನ ಧೂಳು. ಅದರ ನಡುವೆ ಕಾಕು, ಸದ್ಯಕ್ಕೆ ಅಡುಗೆ ನಡೆಯುತ್ತಿದ್ದ ಹಿತ್ತಿಲ ವರಾಂಡದಿಂದ ಸಿಲಿಂಡರು, ಒಲೆ ತರಿಸಿಕೊಂಡು, ತಗ್ಗಿನ ಕಲ್ಲನ್ನು ತೊಳೆದು, ಹಿಟ್ಟು ಉದುರಿಸಿ ರೊಟ್ಟಿ ಬಡಿಯುತ್ತಿದ್ದರು. ಭುಜ ಎಲ್ಲಿರಬೇಕೋ ಅಲ್ಲಿತ್ತು. ರೊಟ್ಟಿ ಅಂಗೈಯ ಕೆಳಗೆ ತಿರುಗುತ್ತ ಅಗಲವಾಗುತ್ತಿತ್ತು.

ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕಾಕಾ ಬಂದರು. ಹೆಂಡತಿಯನ್ನು ನೋಡಿದರು. ಮೌಲಾಸಾಬರನ್ನು ನೋಡಿದರು. ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಏನಿದು?"

"ಹಿಟ್ಟ ನಾದೇನಿ. ಮುಗೀಲಿ ತಡೀರಿ," ಎಂದರು ಕಾಕು, ತಿರುಗದೆ.

ಒಂದು ರೊಟ್ಟಿ ಹಂಚಿಗೆ ಹೋಯಿತು. ಉಬ್ಬಿತು. ಇನ್ನೊಂದು ಹೋಯಿತು. ಕಾಕಾ ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತೇ ಇದ್ದರು.

"ಮಂದಿ ನಗ್ತಾರಂತ ಹೇಳಿದ್ನಲ್ಲ," ಎಂದರು ಕಡೆಗೆ.

ಕಾಕು ಕೈ ನಿಲ್ಲಿಸಿದರು. "ಮಂದಿ ಉಂಡು ಹೋಗ್ತಾರ್ರಿ. ಇಲ್ಲಿ ದಿನಾ ನಿಲ್ಲಾಕಿ ನಾನು." ಕೈಗಂಟಿದ ಹಿಟ್ಟನ್ನು ಉಜ್ಜಿಕೊಂಡರು. "ನಿನ್ನೆ ಮ್ಯಾಡಮ್ಮಾರ ಮುಂದ ನಿಮಗ ಎದರ ಆಡಬಾರದಂತ ಸುಮ್ಮನಾದೆ. ರಾತ್ರಿ ನಿದ್ದಿ ಹತ್ತಲಿಲ್ಲ."

ಕಾಕಾ ಒಂದು ರೊಟ್ಟಿ ಎತ್ತಿಕೊಂಡರು. ಮುರಿದರು. ತುಣುಕನ್ನು ಹಾಗೇ ಬಾಯಿಗೆ ಹಾಕಿಕೊಂಡು ಮೌಲಾಸಾಬರಿಗೆ, "ಇವತ್ತ ಹೋಗು," ಎಂದರು. ನನಗೆ ಒಂದು ಮಾತೂ ಹೇಳದೆ ಹೊರಟುಹೋದರು.

ಇವತ್ತ ಹೋಗು. ಹಾಗಾದರೆ ನಾಳೆ?

ಆ ಒಂದು ಶಬ್ದ ನನ್ನನ್ನು ದಿನಗಟ್ಟಲೆ ತಿಂದಿತು. ಫೋನ್ ರಿಂಗಾದರೆ ಬೆಚ್ಚುತ್ತಿದ್ದೆ. ಕಪಾಟಿನ ಬಾಗಿಲುಗಳು ಕೂತವು, ಗ್ರಾನೈಟಿಗೆ ಪಾಲಿಶ್ ಆಯಿತು. ಕಾಕಾ ಆ ಕಡೆ ಬರಲೇ ಇಲ್ಲ. ಅವರ ಕಡೆಯಿಂದ ಬರಬೇಕಿದ್ದ ಇನ್ನೊಂದು ಮನೆಯ ಕೆಲಸದ ಸುದ್ದಿಯೂ ಇಲ್ಲ. ಅಡುಗೆಮನೆಯ ಪೂಜೆಗೆ ಕರೆದದ್ದೂ ಕಾಕು ಮಾತ್ರ. ಹೋಗಲೋ ಬೇಡವೋ ಎಂದು ಸೀರೆ ಉಟ್ಟ ಮೇಲೂ ಯೋಚಿಸಿದೆ.

ಹೋದೆ. ನಾಲ್ಕೈದು ಜನ ವ್ಯಾಪಾರಿ ಗೆಳೆಯರಿಗೆ ಕಾಕಾ ಹೊಸ ಅಡುಗೆಮನೆ ತೋರಿಸುತ್ತಿದ್ದರು. ನಾನು ತಾಟು ಹಿಡಿದು ಮೂಲೆಯಲ್ಲಿ ನಿಂತಿದ್ದೆ. ಅವರಲ್ಲೊಬ್ಬರು ತಗ್ಗಿನ ಕಲ್ಲನ್ನು ತಟ್ಟಿ ನಕ್ಕೇಬಿಟ್ಟರು.

"ಏನಪಾ ಗುರುಸಿದ್ದಪ್ಪ, ನಿನ್ನ ಕಟ್ಟಿ ಇಲ್ಲಿ ಕುಸದೈತಲ್ಲೋ?"

ಮುರಿದ ಹೋಳಿಗೆಯನ್ನು ನಾನು ತಾಟಿಗೇ ವಾಪಸ್ ಇಟ್ಟೆ.

"ಕುಸದಿಲ್ಲಪಾ," ಎಂದರು ಕಾಕಾ. "ನಮ್ಮ ಮನ್ಯಾಕಿ ಅಳತಿಗೆ ಮಾಡಿಸೇನಿ. ಶೋರೂಮಿನಾಗ ಸಿಗಂಗಿಲ್ಲ ಇದು."

ಮಾಡಿಸೇನಿ! ತಾವೇ ಮಾಡಿಸಿದ್ದಂತೆ. ನನ್ನ ಕಡೆ ನೋಡಲೂ ಇಲ್ಲ. ಕಾಕು ನೋಡಿದರು. ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದರು, ಬೇಡವೆಂದರೂ ತುಪ್ಪ ಸುರಿದರು.

ಇನ್ನೊಂದು ಮನೆಯ ಕೆಲಸ ಬರುತ್ತದೋ ಇಲ್ಲವೋ, ಇದನ್ನು ಬರೆಯುವ ಹೊತ್ತಿಗೂ ನನಗೆ ಗೊತ್ತಿಲ್ಲ. ಚಿಂತೆ ಹೋಗಿಲ್ಲ. ಈ ಕಸುಬಿನಲ್ಲಿ ಅದು ಹೋಗುವುದೂ ಇಲ್ಲವೇನೋ. ಒಬ್ಬರ ಅಳತೆಗೆ ಎಂದು ಏನನ್ನಾದರೂ ಮಾಡಿದ ಮೇಲೆ, ಅದು ಅವರಿಗೇ ಒಪ್ಪದಿದ್ದರೆ ಮತ್ಯಾರಿಗೂ ಕೊಡಲಾಗದಲ್ಲ.

ಅಂದಹಾಗೆ, ನಿಮ್ಮ ಮನೆಯ ಅಡುಗೆಮನೆ ಕಟ್ಟುವಾಗ, ಅಲ್ಲಿ ನಿಲ್ಲುವವರನ್ನು ಯಾರಾದರೂ ಒಂದು ಮಾತು ಕೇಳಿದ್ದರೇ?